ಕೇಳಿ ತಿಳಿಯುವ ಗ್ರಂಥಗಳು: ಡಬ್ಲಿನ್ನಿನ ಬ್ಲೂಮ್ಸ್‌ಡೇ, ಕನ್ನಡದ ಭಾರತವಾಚನ

ಮೆಚ್ಚಿನ ಗ್ರಂಥವೊಂದನ್ನು ಹತ್ತು ಜನರ ನಡುವೆ ಗಟ್ಟಿಯಾಗಿ ಓದಿ ಸಂಭ್ರಮಿಸುವುದಕ್ಕೆ ಇಂದು ಜಗತ್ತಿನಲ್ಲೇ ಹೆಸರಾಗಿರುವುದು ಐರ್ಲೆಂಡಿನ ‘ಬ್ಲೂಮ್ಸ್‌ಡೇ’. ಜೇಮ್ಸ್ ಜಾಯ್ಸ್‌ನ ‘ಯೂಲಿಸಿಸ್’ (1922) ಕಾದಂಬರಿಯ ಕಥೆ ನಡೆಯುವುದು 1904ರ ಜೂನ್ 16ರ ಬೆಳಗಿನಿಂದ ಮರುದಿನದ ನಸುಕಿನೊಳಗೆ, ಡಬ್ಲಿನ್ ನಗರದಲ್ಲಿ. ನಾಯಕ ಲಿಯೊಪೋಲ್ಡ್ ಬ್ಲೂಮ್‌ನ ಹೆಸರೇ ಆ ದಿನಕ್ಕೆ ನಿಂತಿದೆ. 1954ರಲ್ಲಿ ಪ್ಯಾಟ್ರಿಕ್ ಕವನಾ, ಫ್ಲಾನ್ ಓಬ್ರಿಯನ್ ಮೊದಲಾದ ಲೇಖಕರು ಕುದುರೆಗಾಡಿಯೇರಿ ಕಾದಂಬರಿಯ ಹಾದಿಯನ್ನು ಕ್ರಮಿಸಲು ಹೊರಟರು. ಪಾನಗೃಹವೊಂದರಲ್ಲಿ ಅವರ ಯಾತ್ರೆ ಅರ್ಧಕ್ಕೇ ನಿಂತಿತು. ಆಚರಣೆ ಮಾತ್ರ ನಿಲ್ಲಲಿಲ್ಲ. 1982ರಲ್ಲಿ, ಜಾಯ್ಸ್ ಜನ್ಮಶತಾಬ್ದಿಯ ವರ್ಷ, ಐರ್ಲೆಂಡಿನ ರೇಡಿಯೋ ಇಡೀ ಕಾದಂಬರಿಯನ್ನು ಸುಮಾರು 30 ಗಂಟೆಗಳ ಕಾಲ ಪ್ರಸಾರ ಮಾಡಿತು. ಕಬ್ಬಿಣದ ಕಡಲೆಯೆಂದು ಪುಸ್ತಕವನ್ನು ಬದಿಗಿಟ್ಟವರಿಗೂ ಕಿವಿಯ ದಾರಿ ತೆರೆದಿತ್ತು.

ಕನ್ನಡಿಗರಿಗೆ ಆ ದಾರಿ ಹೊಸದಲ್ಲ. 15ನೇ ಶತಮಾನದ ಕುಮಾರವ್ಯಾಸ ಭಾಮಿನಿ ಷಟ್ಪದಿಯಲ್ಲಿ ರಚಿಸಿದ ‘ಕರ್ಣಾಟ ಭಾರತ ಕಥಾಮಂಜರಿ’, ಲಕ್ಷ್ಮೀಶನ ವಾರ್ಧಕ ಷಟ್ಪದಿಯ ‘ಜೈಮಿನಿ ಭಾರತ’, ಇವೆರಡೂ ಶತಮಾನಗಳ ಕಾಲ ಉಳಿದದ್ದು ಓದುಗರಿಗಿಂತ ಕೇಳುಗರಿಂದ. ಅಕ್ಷರ ಬಲ್ಲವನೊಬ್ಬ ಊರಿನಲ್ಲಿದ್ದರೆ ದೇವಾಲಯದ ಜಗಲಿಯಲ್ಲಿ ಊರಿಗೆ ಊರೇ ಭಾರತವನ್ನು ಓದಿದಂತಾಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ವಿರಾಟಪರ್ವವನ್ನು ಓದಿಸುವ ಪದ್ಧತಿಯೂ ಇತ್ತು. ಬೆಳೆ ಒಣಗುತ್ತಿದ್ದಾಗ ಕಾವ್ಯದ ಮೊರೆಹೋಗುವ ಈ ನಂಬಿಕೆಗೆ ಡಬ್ಲಿನ್ನಿನಲ್ಲಿ ಸಾಟಿಯಿಲ್ಲ.

ಗಮಕವೆಂದರೆ ಸಂಗೀತ ಕಛೇರಿಯಲ್ಲ. ರಾಗವುಂಟು, ತಾಳದ ಕಟ್ಟಿಲ್ಲ. ವೀರ, ಶೋಕ, ಹಾಸ್ಯಗಳಿಗೆ ತಕ್ಕ ರಾಗವನ್ನು ಗಮಕಿಯೇ ಆರಿಸಿಕೊಳ್ಳುತ್ತಾನೆ. ಷಟ್ಪದಿಯಲ್ಲಿ ಒಂದಕ್ಕೊಂದು ಬೆಸೆದುಕೊಂಡ ಪದಗಳನ್ನು ಅರ್ಥ ಕೆಡದಂತೆ ಬಿಡಿಸಿ ನುಡಿಯುತ್ತಾನೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಪದ್ಯದ ತಿರುಳನ್ನು ಆಡುಮಾತಿನಲ್ಲಿ ಬಿಚ್ಚಿಡುತ್ತಾನೆ. ಡಬ್ಲಿನ್ನಿನ ಓದುಗನಿಗೆ ಈ ಜೊತೆಗಾರನಿಲ್ಲ. ಹಳಗನ್ನಡ, ನಡುಗನ್ನಡಗಳು ಶಾಲೆಯ ಪಾಠಕ್ಕಷ್ಟೇ ಸೀಮಿತವಾಗಿರುವಾಗ ಗಮಕಿಗಿಂತ ವ್ಯಾಖ್ಯಾನಕಾರನ ಕೊರತೆಯೇ ಹೆಚ್ಚು ಬಾಧಿಸೀತು. ಇಂಪಾದ ಕಂಠ ಎಲ್ಲಿಯಾದರೂ ದೊರೆಯಬಹುದು. ಪದ್ಯದ ಒಳಹೊಕ್ಕು ನಗಿಸಬಲ್ಲ, ಅಳಿಸಬಲ್ಲ ಪಾಂಡಿತ್ಯ ಸುಲಭವಾಗಿ ಸಿಗುವುದಲ್ಲ.

ಶಿವಮೊಗ್ಗದ ಬಳಿ, ತುಂಗಾತೀರದ ಅಕ್ಕಪಕ್ಕದ ಊರುಗಳಾದ ಹೊಸಹಳ್ಳಿ ಮತ್ತು ಮತ್ತೂರು ಈ ಎರಡೂ ವಿದ್ಯೆಗಳಿಗೆ ಹೆಸರಾದವು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರು ಬಾಳಿನುದ್ದಕ್ಕೂ ಕಾವ್ಯವಾಚನ ನಡೆಸಿ, ತಮ್ಮೂರಿನಲ್ಲೇ ಶಿಷ್ಯರನ್ನು ತಯಾರು ಮಾಡಿದರು. ಮತ್ತೂರು ಕೃಷ್ಣಮೂರ್ತಿ ಅವರು ಲಂಡನ್ನಿನ ಭಾರತೀಯ ವಿದ್ಯಾಭವನವನ್ನು ಕಟ್ಟಿ ಬೆಳೆಸಿದವರು. ಕನ್ನಡಿಗರಿಗೆ ಅವರು ಹೆಚ್ಚು ಪರಿಚಿತರಾದದ್ದು ಭಾರತದ ವ್ಯಾಖ್ಯಾನಕಾರರಾಗಿ. 2011ರಲ್ಲಿ ಅವರು ತೀರಿಕೊಂಡರು. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರೂ ನಿಧನರಾದರು.