ಬೇಲಿ ಇಲ್ಲದ ಹೊಲಗಳ ಊರು

ಇಂಗ್ಲೆಂಡಿನ ಹಳ್ಳಿ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚು ಕಡಿಮೆ ಒಂದೇ. ಹಸಿರು ಬೇಲಿಗಳು ಚೌಕ ಚೌಕವಾಗಿ ವಿಂಗಡಿಸಿದ ಹೊಲಗಳು, ಅವುಗಳ ನಡುವೆ ಒಂಟಿಯಾಗಿ ನಿಂತ ರೈತನ ಮನೆ, ದೂರದಲ್ಲಿ ಚರ್ಚಿನ ಗೋಪುರ. ಈ ನೋಟ ಅನಾದಿಕಾಲದಿಂದ ಹೀಗೆಯೇ ಇದ್ದಿರಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಮಧ್ಯ ಇಂಗ್ಲೆಂಡಿನ ಬಹಳಷ್ಟು ಕಡೆ ಈ ಬೇಲಿಗಳ ವಯಸ್ಸು ಇನ್ನೂರು, ಇನ್ನೂರೈವತ್ತು ವರ್ಷಗಳಷ್ಟೇ. ಅದಕ್ಕೂ ಮೊದಲು ಅಲ್ಲಿದ್ದದ್ದು ಬೇರೆಯೇ ಬಗೆಯ ಹಳ್ಳಿ. ಅಲ್ಲಿ ಹೊಲಕ್ಕೂ ಹೊಲಕ್ಕೂ ನಡುವೆ ಬೇಲಿ ಇರಲಿಲ್ಲ. ಯಾರು ಯಾವಾಗ ಏನು ಬಿತ್ತಬೇಕೆಂಬುದನ್ನು ಊರೇ ಕೂಡಿ ತೀರ್ಮಾನಿಸುತ್ತಿತ್ತು.

ಆ ಹಳೆಯ ಹಳ್ಳಿಯನ್ನು ಇಂದಿಗೂ ಕಣ್ಣಾರೆ ಕಾಣಬಹುದಾದ ಊರೊಂದು ಉಳಿದಿದೆ. ಅದರ ಹೆಸರು ಲ್ಯಾಕ್ಸ್‌ಟನ್. ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತದಲ್ಲಿ, ರಾಬಿನ್ ಹುಡ್‌ನ ಕಥೆಗಳಿಂದ ಪ್ರಸಿದ್ಧವಾದ ಶೆರ್‌ವುಡ್ ಕಾಡಿನ ಪೂರ್ವಕ್ಕೆ ಇರುವ ಪುಟ್ಟ ಊರು. ಕೆಲವು ನೂರು ಜನ, ಒಂದು ಹಳೆಯ ಚರ್ಚು, ಒಂದು ಪಾನಗೃಹ, ಹನ್ನೆರಡನೆಯ ಶತಮಾನದ ಕೋಟೆಯೊಂದರ ಮಣ್ಣಿನ ದಿಬ್ಬ. ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ 1086ರಲ್ಲಿ ಬರೆಸಿದ ‘ಡೂಮ್ಸ್‌ಡೇ’ ಲೆಕ್ಕದ ಪುಸ್ತಕದಲ್ಲೂ ಈ ಊರಿನ ಹೆಸರಿದೆ.

ಬೇರೆ ಹಳ್ಳಿಗಳಲ್ಲಿ ರೈತನ ಮನೆ ಅವನ ಹೊಲದ ನಡುವೆ ಇದ್ದರೆ, ಲ್ಯಾಕ್ಸ್‌ಟನ್ನಿನಲ್ಲಿ ಮನೆ, ಕೊಟ್ಟಿಗೆ, ಕಣಜಗಳೆಲ್ಲ ಊರ ಬೀದಿಯಲ್ಲೇ ಇವೆ. ಅನೇಕ ಮನೆಗಳು ಬೀದಿಗೆ ಪಕ್ಕೆ ಕೊಟ್ಟು ನಿಂತಿವೆ. ಹಿಂದೆ ಉದ್ದನೆಯ ಕಿರಿದಾದ ಹಿತ್ತಿಲು. ಇದಕ್ಕೆ ಕಾರಣ ಸರಳ. ರೈತನ ಜಮೀನು ಒಂದೇ ಕಡೆ ಇರಲಿಲ್ಲ. ಊರಿನ ಸುತ್ತ ಎಲ್ಲ ದಿಕ್ಕಿಗೂ ಅದು ಚದುರಿಹೋಗಿತ್ತು. ಹೀಗಿರುವಾಗ ಎಲ್ಲ ತುಂಡುಗಳಿಗೂ ಹೋಗಿಬರಲು ಅನುಕೂಲವಾದ ಜಾಗ ಊರ ನಡುವೆಯೇ ಅಲ್ಲವೇ?

ಮೂರು ಬಯಲು, ನೂರಾರು ಪಟ್ಟಿಗಳು

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯವನು ಈ ಊರಿನ ನಕ್ಷೆ ಬರೆದ. ಆಗ ಊರಿನ ಒಡೆಯನಾಗಿದ್ದವನು ಸರ್ ವಿಲಿಯಂ ಕೋರ್ಟನ್ ಎಂಬ ಲಂಡನ್ನಿನ ವ್ಯಾಪಾರಿ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಆ ನಕ್ಷೆಯಲ್ಲಿ ವಿಶಾಲವಾದ ಬಯಲುಗಳು ಬಾಚಣಿಗೆಯ ಹಲ್ಲಿನಂತೆ ಸಾಲು ಸಾಲು ಪಟ್ಟಿಗಳಾಗಿ ಒಡೆದಿರುವುದು ಕಾಣುತ್ತದೆ. ಉಳುವ ಜನ, ಮೇಯುವ ದನ, ಗಾಳಿಯಂತ್ರ ಕೂಡ ಅದರಲ್ಲಿವೆ.

ಪಟ್ಟಿಗಳು ಉದ್ದವಾಗಿ ಕಿರಿದಾಗಿರಲು ಕಾರಣ ನೇಗಿಲು. ಅಲ್ಲಿಯ ಜೇಡಿಮಣ್ಣಿನಲ್ಲಿ ಭಾರವಾದ ನೇಗಿಲನ್ನು ಎಳೆಯಲು ಹಲವು ಜೊತೆ ಎತ್ತುಗಳು ಬೇಕಾಗುತ್ತಿದ್ದವು. ಅಷ್ಟು ಎತ್ತುಗಳನ್ನು ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸ. ಆದ್ದರಿಂದ ಒಮ್ಮೆ ಹೂಡಿದ ಸಾಲು ಎಷ್ಟು ಉದ್ದವಿದ್ದರೆ ಅಷ್ಟು ಲಾಭ. ಒಂದು ಸಾಲಿನ ಉದ್ದವೇ ‘ಫರ್ಲಾಂಗ್’ ಆಯಿತು. ಒಂದು ದಿನದಲ್ಲಿ ಉಳಬಹುದಾದಷ್ಟು ನೆಲ ‘ಎಕರೆ’ ಎನಿಸಿಕೊಂಡಿತು. ನಮ್ಮ ಪಹಣಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಎಕರೆಯ ಮೂಲ ಇಂಥ ನೇಗಿಲ ಸಾಲುಗಳಲ್ಲಿದೆ.

ಒಬ್ಬ ರೈತನ ಪಟ್ಟಿಗಳು ಒಂದೆಡೆ ಇರದೆ ಎಲ್ಲ ಬಯಲುಗಳಲ್ಲೂ ಹಂಚಿಹೋಗಿದ್ದವು. ಮೇಲುನೋಟಕ್ಕೆ ಇದು ಅವ್ಯವಸ್ಥೆ. ಆದರೆ ಇದರಿಂದ ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೂ ಸ್ವಲ್ಪ ಸ್ವಲ್ಪ ಬರುತ್ತಿತ್ತು. ತಗ್ಗಿನ ಹೊಲದಲ್ಲಿ ನೀರು ನಿಂತು ಪೈರು ಕೊಳೆತರೆ ದಿಬ್ಬದ ಪಟ್ಟಿ ಕೈಹಿಡಿಯುತ್ತಿತ್ತು.

ಬಯಲುಗಳಿಗೆ ಮೂರು ವರ್ಷದ ಸರದಿ. ಒಂದರಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತಿದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ ಅಥವಾ ಬಟಾಣಿ, ಅವರೆ ಜಾತಿಯ ಕಾಳು, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಕೊಯ್ಲು ಮುಗಿದ ಮೇಲೆ ಇಡೀ ಬಯಲು ಊರ ದನಕರುಗಳಿಗೆ ತೆರೆದುಕೊಳ್ಳುತ್ತಿತ್ತು. ಬೇಲಿ ಇಲ್ಲದ ಕಡೆ ಒಬ್ಬನು ಮಾತ್ರ ತನಗಿಷ್ಟವಾದ ಬೆಳೆ ಇಡುವಂತಿರಲಿಲ್ಲ. ಅಕ್ಕಪಕ್ಕದ ದನಗಳು ಅವನ ಪೈರನ್ನು ತಿಂದುಹಾಕುತ್ತಿದ್ದವು. ಹಾಗಾಗಿ ಎಲ್ಲರೂ ಒಟ್ಟಿಗೆ ಬಿತ್ತಬೇಕು, ಒಟ್ಟಿಗೆ ಕೊಯ್ಯಬೇಕು.

ಬೇಲಿ ಬಂದ ಬಗೆ

ಈ ಪದ್ಧತಿಯನ್ನು ಮುರಿದದ್ದು ‘ಎನ್‌ಕ್ಲೋಷರ್’, ಅಂದರೆ ಬೇಲಿ ಹಾಕಿ ಜಮೀನನ್ನು ಖಾಸಗಿಯಾಗಿ ವಿಂಗಡಿಸುವ ಕ್ರಮ. ಮೊದಲು ಅಲ್ಲಲ್ಲಿ ಪರಸ್ಪರ ಒಪ್ಪಂದದಿಂದ ನಡೆದದ್ದು ಹದಿನೆಂಟನೆಯ ಶತಮಾನದಲ್ಲಿ ಪಾರ್ಲಿಮೆಂಟಿನ ಕಾನೂನಿನ ಬಲ ಪಡೆಯಿತು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಮಸೂದೆಗಳು ಬಂದವು. ಅವುಗಳ ವ್ಯಾಪ್ತಿಗೆ ಸೇರಿದ ನೆಲ ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು.

ಕಾನೂನು ಪಾಸಾದ ಮೇಲೆ ಕಮೀಷನರುಗಳು ಬಂದು ಊರನ್ನು ಅಳೆಯುತ್ತಿದ್ದರು. ಚದುರಿದ ಪಟ್ಟಿಗಳಿಗೆ ಬದಲಾಗಿ ಪ್ರತಿಯೊಬ್ಬನಿಗೂ ಒಂದೇ ಕಡೆ ಜಮೀನು ಸಿಗುತ್ತಿತ್ತು. ದೊಡ್ಡ ಹಿಡುವಳಿದಾರನಿಗೆ ಇದು ವರದಾನ. ಅವನು ಇಷ್ಟಬಂದ ಬೆಳೆ ಇಡಬಹುದು, ಒಳ್ಳೆಯ ತಳಿಯ ದನ, ಕುರಿ ಸಾಕಬಹುದು. ಸಣ್ಣವನಿಗೆ ಸಿಕ್ಕಿದ ತುಂಡಿಗೆ ಬೇಲಿ ಕಟ್ಟುವ ಖರ್ಚೇ ಭಾರವಾಗುತ್ತಿತ್ತು. ರೂಢಿಯ ಬಲದಿಂದಷ್ಟೇ ಗೋಮಾಳದಲ್ಲಿ ಒಂದು ಹಸು ಮೇಯಿಸಿಕೊಂಡು, ಸೌದೆ ಆಯ್ದುಕೊಂಡು ಬದುಕುತ್ತಿದ್ದ ಗುಡಿಸಲಿನವನಿಗೆ ಕಾಗದದ ಆಧಾರವಿರಲಿಲ್ಲ. ಆದ್ದರಿಂದ ಅವನಿಗೆ ಅನೇಕ ಕಡೆ ಏನೂ ದಕ್ಕಲಿಲ್ಲ. ಅಲ್ಲಿಯವರೆಗೆ ಅರ್ಧ ರೈತನಾಗಿದ್ದವನು ಪೂರಾ ಕೂಲಿಯಾದ.

ಬೇಲಿಯಿಂದ ಇಳುವರಿ ಹೆಚ್ಚಿತೆಂಬುದು ಅದರ ಬೆಂಬಲಿಗರ ವಾದ. ಎಷ್ಟು ಹೆಚ್ಚಿತು, ಯಾರಿಗಾಗಿ ಹೆಚ್ಚಿತು ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಬೇಲಿಯ ಪರವಾಗಿ ವರ್ಷಗಟ್ಟಲೆ ಬರೆದಿದ್ದ ಕೃಷಿ ಲೇಖಕ ಆರ್ಥರ್ ಯಂಗ್ 1801ರ ಹೊತ್ತಿಗೆ ಬಡವರಿಗಾದ ನಷ್ಟವನ್ನು ಕಂಡು ಮರುಗಿ, ಅವರಿಗೂ ನೆಲ ಕೊಡಬೇಕೆಂದು ವಾದಿಸಿದ. ಜಾನ್ ಕ್ಲೇರ್ ಎಂಬ ಕೂಲಿಕಾರ ಕವಿಯ ಊರಾದ ಹೆಲ್ಪ್‌ಸ್ಟನ್ನಿನ ಬೇಲಿ ಕಾಯಿದೆ 1809ರಲ್ಲಿ ಬಂತು. ಹಂಚಿಕೆ ಮುಗಿದದ್ದು 1820ರಲ್ಲಿ. ಕ್ಲೇರ್‌ನ ಮೊದಲ ಕವನಸಂಗ್ರಹ ಬಂದದ್ದೂ ಅದೇ ವರ್ಷ. ತಾನು ಬಾಲ್ಯದಲ್ಲಿ ಅಲೆದಾಡಿದ ಬಯಲು ಮುಚ್ಚಿಹೋದ ನೋವು ಅವನ ಕಾವ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ.

ಲ್ಯಾಕ್ಸ್‌ಟನ್ ತಪ್ಪಿಸಿಕೊಂಡದ್ದು

ಇಷ್ಟೆಲ್ಲ ನಡೆಯುವಾಗ ಲ್ಯಾಕ್ಸ್‌ಟನ್ ಹೇಗೆ ಉಳಿಯಿತು? ಯಾರೋ ಪುಣ್ಯಾತ್ಮರು ಪರಂಪರೆಯನ್ನು ಕಾಪಾಡಲು ಪಣತೊಟ್ಟರೆಂದು ಭಾವಿಸಬೇಕಾಗಿಲ್ಲ. ಊರಿನ ನೆಲ ಮುಖ್ಯವಾಗಿ ಎರಡು ಜಮೀನ್ದಾರಿ ಮನೆತನಗಳ ನಡುವೆ ಹೆಣೆದುಕೊಂಡಿತ್ತು. ಅವುಗಳ ನಡುವೆ ಒಪ್ಪಂದ ಕುದುರಲಿಲ್ಲ. ಕೆಲವು ಭಾಗಗಳಿಗೆ ಬೇಲಿ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡವನ್ನಾಗಿ ಮಾಡಿದ್ದೂ ಉಂಟು. ಆದರೂ ಪಶ್ಚಿಮದ ಬಯಲು, ದಕ್ಷಿಣದ ಬಯಲು, ಗಾಳಿಯಂತ್ರದ ಬಯಲು ಎಂಬ ಮೂರು ತೆರೆದ ಬಯಲುಗಳು ಉಳಿದುಕೊಂಡವು. ಇಂದು ಅವುಗಳ ವಿಸ್ತಾರ ಸುಮಾರು 500 ಎಕರೆ.

ಆದರೆ ಅದೃಷ್ಟದಿಂದ ಉಳಿದದ್ದನ್ನು ಮುಂದೆಯೂ ನಡೆಸಿಕೊಂಡು ಬರಲು ಅದೃಷ್ಟವೊಂದೇ ಸಾಲದು. ಲ್ಯಾಕ್ಸ್‌ಟನ್ನಿನಲ್ಲಿ ಆ ಕೆಲಸ ಮಾಡಿದ್ದು ಅಲ್ಲಿಯ ‘ಕೋರ್ಟ್ ಲೀಟ್’, ಅಂದರೆ ಊರಿನ ನ್ಯಾಯಸಭೆ. ಪ್ರತಿವರ್ಷ ಚಳಿಗಾಲದ ಆರಂಭದಲ್ಲಿ ಊರಿನ ರೈತರಿಂದಲೇ ಆಯ್ದ ಪಂಚರು ಗೋಧಿ ಬಿತ್ತಿದ ಬಯಲನ್ನು ಸುತ್ತುತ್ತಾರೆ. ಯಾರಾದರೂ ಊರ ದಾರಿಯನ್ನು ಒತ್ತಿ ಉತ್ತಿದ್ದಾರೆಯೇ, ಉಳಬಾರದ ಹುಲ್ಲಿನ ಅಂಚನ್ನು ಮುರಿದಿದ್ದಾರೆಯೇ ಎಂದು ನೋಡಿ ಗಡಿಗೆ ಗೂಟ ಹೊಡೆಯುತ್ತಾರೆ. ನಂತರ ಊರಿನ ಪಾನಗೃಹದಲ್ಲಿ ಸಭೆ ಸೇರುತ್ತದೆ. ತಪ್ಪು ಮಾಡಿದವರಿಗೆ ದಂಡ. ಮೊತ್ತ ಚಿಕ್ಕದು. ನೆರೆಯವರ ಎದುರಿಗೆ ಹೆಸರು ಕೂಗಿಸಿಕೊಳ್ಳುವುದೇ ದೊಡ್ಡ ಶಿಕ್ಷೆ.

ಇಂಥ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ಬ್ರಿಟಿಷ್ ಪಾರ್ಲಿಮೆಂಟು 1977ರ ಕಾಯಿದೆಯಿಂದ ಕೊನೆಗೊಳಿಸಿದಾಗ ಲ್ಯಾಕ್ಸ್‌ಟನ್ನಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅಲ್ಲಿ ಅದು ಬರಿಯ ಉತ್ಸವವಾಗಿರಲಿಲ್ಲ, ಬೇಸಾಯಕ್ಕೆ ಬೇಕಾದ ಸಾಧನವಾಗಿತ್ತು ಎಂಬುದೇ ಕಾರಣ. ಪಟ್ಟಿಗಳ ನಡುವಿನ ತಗ್ಗಿನಲ್ಲಿ ಉಳದೆ ಬಿಟ್ಟ ಹುಲ್ಲುನೆಲಗಳಿಗೆ ‘ಸೈಕ್’ ಎಂದು ಹೆಸರು. ಅವುಗಳ ಹುಲ್ಲನ್ನು ಬೇಸಿಗೆಯಲ್ಲಿ ಹರಾಜು ಹಾಕುವ ಪದ್ಧತಿ ಇದೆ. ಬೇರೆಡೆ ಅಪರೂಪವಾದ ಕಾಡುಹೂಗಳು ಅಲ್ಲಿ ಉಳಿದಿರುವುದರಿಂದ ಆ ನೆಲಕ್ಕೆ ಸರ್ಕಾರದ ರಕ್ಷಣೆಯೂ ದೊರೆತಿದೆ.

ಎಲ್ಲರದ್ದು, ಯಾರದ್ದೂ ಅಲ್ಲದ್ದಲ್ಲ

ಎಲ್ಲರಿಗೂ ಸೇರಿದ ಹುಲ್ಲುಗಾವಲು ಕೊನೆಗೆ ಹಾಳಾಗಿಯೇ ತೀರುತ್ತದೆ ಎಂದು ಅಮೆರಿಕದ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ಪ್ರತಿಯೊಬ್ಬನೂ ತನ್ನದೊಂದು ದನವನ್ನು ಹೆಚ್ಚಿಗೆ ಬಿಡುತ್ತಾ ಹೋಗುತ್ತಾನೆ ಎಂಬುದು ಅವರ ತರ್ಕ. ಈ ತರ್ಕಕ್ಕೆ ಉತ್ತರ ಕೊಟ್ಟವರು ಎಲಿನಾರ್ ಆಸ್ಟ್ರಮ್. ಜನ ತಮ್ಮ ತಮ್ಮಲ್ಲೇ ನಿಯಮ ಮಾಡಿಕೊಂಡು, ಒಬ್ಬರ ಮೇಲೊಬ್ಬರು ಕಣ್ಣಿಟ್ಟು, ತಪ್ಪಿದವರಿಗೆ ಹಿತಮಿತವಾದ ದಂಡ ಹಾಕಿ ಸಾಮೂಹಿಕ ಆಸ್ತಿಯನ್ನು ತಲೆತಲಾಂತರದವರೆಗೆ ಉಳಿಸಿಕೊಂಡ ಉದಾಹರಣೆಗಳನ್ನು ಅವರು ಜಗತ್ತಿನ ಹಲವು ಕಡೆಗಳಿಂದ ಕಲೆಹಾಕಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಲ್ಯಾಕ್ಸ್‌ಟನ್ನಿನ ಗೂಟ ಹೇಳುವುದೂ ಅದನ್ನೇ. ಬೇಲಿ ಇಲ್ಲದ ಕಡೆ ನಿಯಮ ಬೇಕು, ನಿಯಮವಿದ್ದ ಕಡೆ ಅದನ್ನು ಪ್ರತಿವರ್ಷ ಹೋಗಿ ನೋಡುವವರು ಬೇಕು.

ಹಾಗೆಂದು ಈ ಊರು ಸ್ವರ್ಗವಲ್ಲ. ಇಲ್ಲಿಯ ರೈತರು ಬಹುಮಟ್ಟಿಗೆ ಗೇಣಿದಾರರು. ಭೂಮಿಯ ಒಡೆತನ ಬೇರೆಯವರದು. ಮಾನ್ವರ್ಸ್ ಮನೆತನದ ಅರ್ಲ್ 1952ರಲ್ಲಿ ಇದನ್ನು ಸರ್ಕಾರದ ಕೃಷಿ ಇಲಾಖೆಗೆ ಮಾರಿದ. 1981ರಲ್ಲಿ ಅದು ರಾಜಮನೆತನದ ಹೆಸರಿನ ಆಸ್ತಿಯನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿನ ಕೈಗೆ ಹೋಯಿತು. ಕ್ರೌನ್ ಎಸ್ಟೇಟ್ ಇದನ್ನು ಮಾರಲು ಹೊರಟಾಗ ಬಯಲುಗಳ ಗತಿ ಏನೆಂಬ ಆತಂಕ ಮೂಡಿತು. ಕೊನೆಗೆ 2020ರಲ್ಲಿ ಕೊಂಡದ್ದು ಥೋರ್ಸ್‌ಬಿ ಎಸ್ಟೇಟ್, ಅಂದರೆ ಹಳೆಯ ಮಾನ್ವರ್ಸ್ ಮನೆತನದ ವಾರಸುದಾರರೇ.

ಒಡೆಯರು ಹೀಗೆ ಬದಲಾದರು. ಎತ್ತುಗಳು ಹೋಗಿ ಟ್ರ್ಯಾಕ್ಟರುಗಳು ಬಂದವು. ಬೀಳು ಬಿಡುತ್ತಿದ್ದ ಬಯಲಿನಲ್ಲಿ ಈಗ ಮೇವು ಬೆಳೆಯುತ್ತದೆ. ಬದಲಾಗದೆ ಉಳಿದದ್ದು ಸಾಲಿನ ಕೊನೆಯಲ್ಲಿ ಹೊಡೆಯುವ ಮರದ ಗೂಟ, ಮತ್ತು ಅದನ್ನು ಮೀರಿ ಉಳಬಾರದೆಂಬ ಊರಿನ ಒಪ್ಪಂದ. ಆ ಒಪ್ಪಂದಕ್ಕೆ ಪ್ರತಿವರ್ಷ ಕೂಡಿಬರುವ ಜನ ಇರುವವರೆಗೆ ಆ ಮೂರು ಬಯಲುಗಳಿಗೆ ಬೇಲಿ ಬೇಕಾಗುವುದಿಲ್ಲ.