ಮಡಿಕೇರಿ ದಸರಾ ಮತ್ತು ನಗರದ ಸಾಂಸ್ಕೃತಿಕ ಯೋಜನೆ

ಕೊಡಗಿನ ಜಿಲ್ಲಾ ಕೇಂದ್ರ ಮಡಿಕೇರಿಯಲ್ಲಿ ಇಡೀ ಊರು ಕೂಡಿ ಕಲೆಗೆ ಹಣ, ಜಾಗ, ಸಮಯ ಹೊಂದಿಸುವ ವ್ಯವಸ್ಥೆ ದಸರಾದ ಸುತ್ತ ಬೆಳೆದಿದೆ. ಕುಂದುರುಮೊಟ್ಟೆ, ದಂಡಿನ, ಕೋಟೆ ಮಾರಿಯಮ್ಮ ಹಾಗೂ ಕಂಚಿ ಕಾಮಾಕ್ಷಿಯಮ್ಮ ದೇವಾಲಯಗಳ ನಾಲ್ಕು ಕರಗಗಳು ಪಂಪಿನ ಕೆರೆಯಲ್ಲಿ ಪೂಜೆಗೊಂಡು ನಗರ ಪ್ರದಕ್ಷಿಣೆ ಆರಂಭಿಸುತ್ತವೆ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಹೊರಡುತ್ತವೆ. ಟ್ರ್ಯಾಕ್ಟರ್ ಮೇಲೆ ಕಟ್ಟಿದ ವೇದಿಕೆಯಲ್ಲಿ ದೇವರು, ರಾಕ್ಷಸರ ಬೃಹತ್ ಬೊಂಬೆಗಳು ಕೈ ಎತ್ತಿ, ತಲೆ ತಿರುಗಿಸಿ, ಬೆಳಕು ಹೊಗೆಗಳ ನಡುವೆ ಪುರಾಣದ ಪ್ರಸಂಗವನ್ನು ಅಭಿನಯಿಸುತ್ತವೆ. ಜನ ಬೆಳಗಿನವರೆಗೂ ರಸ್ತೆಯಲ್ಲೇ ನಿಂತು ನೋಡುತ್ತಾರೆ. ಮಂಟಪಗಳಿಗೆ ತೀರ್ಪುಗಾರರ ಬಹುಮಾನವೂ ಉಂಟು. ಖರ್ಚಿಗೆ ಊರವರ ವಂತಿಗೆ, ಸರ್ಕಾರದ ಅನುದಾನ ಎರಡೂ ಸೇರುತ್ತವೆ. ಗಾಂಧಿ ಮೈದಾನದಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ, ಮಕ್ಕಳ ದಸರಾ, ಮಹಿಳಾ ದಸರಾ, ಕವಿಗೋಷ್ಠಿ ನಡೆಯುತ್ತವೆ.

ವರ್ಷದ ಉಳಿದ ದಿನಗಳ ಹೊಣೆ ಬೇರೆಯವರದು. 1994ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ ಹಾಗೂ 2011ರಲ್ಲಿ ಬಂದ ಅರೆಭಾಷೆ ಅಕಾಡೆಮಿ ಎರಡೂ ಮಡಿಕೇರಿಯಲ್ಲಿವೆ. ಪುಸ್ತಕ ಪ್ರಕಟಣೆ, ಪ್ರಶಸ್ತಿ, ಜಾನಪದ ಕಲೆಗಳ ತರಬೇತಿ ಈ ಅಕಾಡೆಮಿಗಳ ಕೆಲಸ. ರಾಜ್ಯಮಟ್ಟದಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿಯ ವರದಿಯ ಆಧಾರದ ಮೇಲೆ ಸರ್ಕಾರ 2017ರಲ್ಲಿ ಸಾಂಸ್ಕೃತಿಕ ನೀತಿಯನ್ನು ಒಪ್ಪಿತು.

ಹಬ್ಬಕ್ಕೆ ಸಿಗುವ ಒತ್ತು ಕಲಾವಿದನಿಗೆ ವರ್ಷವಿಡೀ ಸಿಗಬೇಕು. ಮಂಟಪದ ಬೊಂಬೆ ಕಟ್ಟುವ, ಯಂತ್ರ ಜೋಡಿಸುವ ಯುವಕರಿಗೆ ಕಾಯಂ ಕಾರ್ಯಾಗಾರ, ಉಮ್ಮತ್ತಾಟ್, ಬೊಳಕಾಟ್‌ನಂಥ ಕೊಡವ ಕುಣಿತಗಳನ್ನು ಕಲಿಯುವ ಮಕ್ಕಳಿಗೆ ಮಳೆಗಾಲದಲ್ಲೂ ಕುಣಿಯಬಹುದಾದ ಚಾವಣಿಯ ಅಂಗಳ, ಇವು ನಗರ ಯೋಜನೆಯ ಮೊದಲ ಸಾಲಿನಲ್ಲಿ ಇರಬೇಕಾದವು.