ಸೀಬೆ ಗಿಡ ಗೊಡ್ಡಲ್ಲ, ಅದಕ್ಕೆ ನೀರು ಜಾಸ್ತಿ ಆಗೈತೆ

"ಎಲೆ ನೋಡಿದ್ರೆ ಹಸುರು ಸೀರೆ ಉಟ್ಟಂಗೆ ಐತೆ, ಒಂದು ಕಾಯಿ ಇಲ್ಲ. ಗೊಡ್ಡು ಗಿಡ, ಕಡಿಸಾಕ್ರಿ" ಅಂತ ನಮ್ಮತ್ತೆ ಹೋದ ವರ್ಷ ಯುಗಾದಿ ದಿನ ಅಂದ್ರು. ಪಕ್ಕದಲ್ಲೇ ಅಕ್ಕಿ ಆರಿಸ್ತಿದ್ದ ದೊಡ್ಡಮ್ಮ, ಅಂದ್ರೆ ಅತ್ತೇರ ಅಕ್ಕ, ತಲೆ ಎತ್ತಲಿಲ್ಲ. ಅವ್ರಿಗೆ ಮಕ್ಕಳಿಲ್ಲ. ಆ ಪದ ಅವ್ರು ಎಷ್ಟು ವರ್ಷ ಕೇಳವ್ರೋ. ಅವೊತ್ತೇ ಅನ್ಕೊಂಡೆ, ಕೊಡಲಿ ತರೋಕೆ ಮುಂಚೆ ಈ ಗಿಡದ ಹಿಂದಿನ ಕತೆ ತಿಳ್ಕೋಬೇಕು ಅಂತ.

ಸೀಬೆ ನಮ್ಮ ಸೀಮೆ ಗಿಡ ಅಲ್ಲ ಕಣ್ರಮ್ಮ. ಅಮೆರಿಕಾ ಖಂಡದ ಬಿಸಿ ನಾಡಿಂದ ಪೋರ್ಚುಗೀಸರ ಹಡಗಿನ ಕಾಲದಲ್ಲಿ ಈ ಕಡೆಗೆ ಬಂದಿದ್ದು. ಅವ್ರ ಭಾಷೇಲಿ ಪೇರ ಅಂದ್ರೆ ಬೇರೆ ಹಣ್ಣು, ನಾವು ಮರಸೇಬು ಅಂತೀವಲ್ಲ ಅದು. ಆ ಹೆಸರೇ ಕರಾವಳಿ ಕಡೆ ಪೇರಳೆ ಆಗೈತೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಗಳಲ್ಲಿ ಜಾಮಕಾಯಿ, ನಮಗೆ ಸೀಬೆ.

ಹೊರಗಿಂದ ಬಂದ ಗಿಡ ನಮ್ಮ ಕೋಲಾರದ ಒಣ ನೆಲಕ್ಕೆ ಹೆಂಗೆ ಒಗ್ಗಿತು? ನಮ್ಮ ಬರವೇ ಅದಕ್ಕೆ ಅನುಕೂಲ ಆಯ್ತು. ನಮ್ಮಲ್ಲಿ ವರ್ಷವೆಲ್ಲ ಹರಿಯೋ ಹೊಳೆ ಇಲ್ಲ. ಕೆರೆ, ಕಪಿಲೆ ಬಾವಿ, ಮಳೆ ಅಷ್ಟೇ. ಶಿವರಾತ್ರಿ ಕಳೆದ್ರೆ ಬಾವಿ ತಳ ಕಾಣೋದು. ಬಿಂದಿಗೆ ನೀರಿಗೇ ಲೆಕ್ಕ ಇರೋವಾಗ ಸೀಬೆಗೆ ಯಾರು ಹಾಕ್ತಾರೆ? ಎಲೆ ಹಳದಿ ಆಗಿ ಉದುರಿ, ಗಿಡ ಬೋಳಾಗಿ ನಿಂತ್ಕೊಳ್ಳೋದು. ಜೂನ್‌ನಲ್ಲಿ ಮೃಗಶಿರಾ ಮಳೆ ಬಿದ್ದ ಮೇಲೆ ಚಿಗುರು, ಚಿಗುರಿನ ಬುಡದಲ್ಲೇ ಬಿಳಿ ಹೂವು. ಹೂವಾಗಿ ನಾಲ್ಕೈದು ತಿಂಗಳಿಗೆ ಹಣ್ಣು. ದೀಪಾವಳಿಯಿಂದ ಸಂಕ್ರಾಂತಿವರೆಗೆ ಉಪ್ಪು ಖಾರ ಹಚ್ಕೊಂಡು ತಿಂದಿದ್ದೇ ತಿಂದಿದ್ದು.

ಗುಟ್ಟು ಇರೋದು ಇಲ್ಲೇ. ಸೀಬೆ ಹಳೇ ಕೊಂಬೇಲಿ ಹೂ ಬಿಡಲ್ಲ, ಆ ಸಲದ ಹೊಸ ಚಿಗುರಲ್ಲಿ ಮಾತ್ರ ಬಿಡೋದು. ಒಣಗಿ ವಿಶ್ರಾಂತಿ ತಗೊಂಡ ಗಿಡ ತನ್ನ ಸತ್ವಾನ ಕೊಂಬೇಲಿ ಕೂಡಿಟ್ಟು, ನೀರು ಸಿಕ್ಕಿದ ತಕ್ಷಣ ಹೂವಿನ ಚಿಗುರು ಹಾಕ್ತದೆ. ಮಹಾರಾಷ್ಟ್ರದ ಕಡೆ ರೈತರು ಇದನ್ನೇ ಬೇಕಂತ ಮಾಡ್ತಾರೆ, ಬಹಾರ್ ಅಂತ ಹೆಸರು. ಮಾವಿನ ಹೂವಿನ ಕಾಲದ್ದು ಅಂಬೆ ಬಹಾರ್, ಮೃಗಶಿರೇದು ಮೃಗ ಬಹಾರ್, ಹಸ್ತ ಮಳೇದು ಹಸ್ತ ಬಹಾರ್. ಅಂಬೆ ಬಹಾರಿನ ಕಾಯಿ ಮಳೆಗಾಲದಲ್ಲಿ ಹಣ್ಣಾಗೋದ್ರಿಂದ ನೀರು ನೀರು, ಹಣ್ಣುನೊಣದ ಹುಳ ಬೇರೆ. ಚಳಿಗಾಲದ ಹಣ್ಣೇ ರುಚಿ.

ಆಮೇಲೆ ಕಾಲ ತಿರುಗ್ತು. 1963ರಲ್ಲಿ ತೋಟಗಾರಿಕೆಗೆ ಅಂತ ಬೇರೆ ಇಲಾಖೆ ಆಯ್ತು, ಎಂ.ಎಚ್. ಮರಿಗೌಡರು ಅದರ ಮೊದಲ ನಿರ್ದೇಶಕರು. ಊರೂರಲ್ಲಿ ಫಾರಂ ಎದ್ದು, ಒಳ್ಳೆ ಜಾತಿ ಸಸಿ ಜನರ ಕೈಗೆ ಬಂದ್ವು. ಹೆಸರಘಟ್ಟದ ಸಂಶೋಧನಾ ಸಂಸ್ಥೆಯಿಂದ ಅರ್ಕಾ ಮೃದುಲಾ, ಅರ್ಕಾ ಕಿರಣ್‌ನಂಥ ತಳಿ ಬಂದ್ವು. ಇನ್ನೊಂದು ಕಡೆ ಸಾವಿರ ಅಡಿ ದಾಟಿ ಬೋರ್ ಕೊರೆಸಿದ್ವಿ, ಮನೆ ಮನೆಗೆ ನಲ್ಲಿ ಬಂತು. 2018ರಿಂದ ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗಳಿಗೆ ಬರೋಕೆ ಶುರು ಆಯ್ತು. ಹಿತ್ತಲಲ್ಲಿ ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ದಿನವೂ ಸೀಬೆ ಬುಡಕ್ಕೇ. ಗಿಡಕ್ಕೆ ಬ್ಯಾಸಿಗೇನೇ ಇಲ್ಲ! ವಿಶ್ರಾಂತಿ ಇಲ್ಲದೆ ಬರೀ ಎಲೆ ಹಾಕ್ಕೊಂಡು ಆಕಾಶಕ್ಕೆ ಓಡ್ತದೆ. ನಮ್ಮ ಗಿಡ ಸರಿಯಾಗಿ ಒಗೆಯೋ ಕಲ್ಲಿನ ಪಕ್ಕದಲ್ಲೇ ಐತೆ. ಅದರ ಮೇಲೆ ತೆಂಗಿನ ಗರಿ ನೆರಳು ಬೇರೆ.

ದೊಡ್ಡಮ್ಮ, ನಾನು ಸೇರಿ ಬಚ್ಚಲ ನೀರನ್ನ ಬಾಳೆ ಕಡೆ ತಿರುಗಿಸಿದ್ವಿ. ಒಣಗಿ ಇಳಿಬಿದ್ದಿದ್ದ ಗರಿ ಕೀಳಿಸಿದ್ವಿ. ಎರಡು ತಿಂಗಳು ಒಂದು ಚೊಂಬು ನೀರೂ ಹಾಕಲಿಲ್ಲ. ಎಲೆ ಉದುರಿದಾಗ ಅತ್ತೆ "ಸಾಯಿಸಿಬಿಟ್ರಿ" ಅಂದ್ರು. ನನಗೂ ಎದೆ ಡವಡವ. ಜೂನ್‌ಗೆ ಕೊಂಬೆ ತುದಿ ಒಂದು ಗೇಣು ಕತ್ತರಿಸಿ, ಉದ್ದ ಕೊಂಬೆಗಳ್ನ ಬಗ್ಗಿಸಿ ಗೂಟಕ್ಕೆ ಕಟ್ಟಿದ್ವಿ. ಬಗ್ಗಿಸಿದ ಕೊಂಬೇಲಿ ಉದ್ದಕ್ಕೂ ಚಿಗುರು ಬರ್ತದೆ. ಪಾತಿ ಕೆದಕಿ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ ಹಾಕಿ, ನಿಧಾನಕ್ಕೆ ನೀರು ಕೊಟ್ವಿ. ಹೂವಿನ ಮೇಲೆ ಜೇನು ಓಡಾಡ್ತಿದ್ದಾಗ ಯಾವ ಔಷಧೀನೂ ಹೊಡೀಲಿಲ್ಲ.

ಒಂದು ಎಚ್ಚರ. ನೆಟ್ಟು ಎರಡು ಮೂರು ವರ್ಷ ಆಗದ ಎಳೆ ಗಿಡ, ಕುಂಡದ ಗಿಡ ಇವನ್ನ ಹಿಂಗೆ ಒಣಗಿಸಬ್ಯಾಡಿ, ಸತ್ತೋಗ್ತವೆ. ಬೀಜದಿಂದ ಹುಟ್ಟಿದ ಗಿಡಕ್ಕೆ ಗೂಟಿ ಗಿಡಕ್ಕಿಂತ ಜಾಸ್ತಿ ವರ್ಷ ಕಾಯಬೇಕು.

ಈ ಸಂಕ್ರಾಂತಿಗೆ ಎಳ್ಳು ಬೀರೋ ತಟ್ಟೇಲಿ ನಮ್ಮ ಹಿತ್ತಲ ಸೀಬೆ ಇತ್ತು. ಮೊದಲ ಕಾಯಿ ದೊಡ್ಡಮ್ಮನೇ ಕಿತ್ತಿದ್ದು. ಅತ್ತೆ ಕಚ್ಚಿ ತಿಂದು, "ಗಿಡದ್ದೇನು ತಪ್ಪಿರಲಿಲ್ಲ ಬಿಡು ಅಕ್ಕ" ಅಂದ್ರು. ದೊಡ್ಡಮ್ಮ ಇನ್ನೊಂದು ಹಣ್ಣು ಹೆಚ್ಚಿ ಅವ್ರ ಕೈಗೆ ಕೊಟ್ರು. ಆ ಪದಾನ ನೀವೂ ಅನ್ನಬ್ಯಾಡ್ರಮ್ಮ, ಗಿಡಕ್ಕೂ ಬ್ಯಾಡ, ಹೆಂಗಸ್ರಿಗೂ ಬ್ಯಾಡ.